ಸಾಗರದಾಚೆಯ ಬಂಧುಗಳು

ಬಂಧುಗಳನ್ನು ಪರಿಚಯ ಮಾಡಿಕೊಳ್ಳುವುದೆಂದರೇನು, ಅವರು ಹುಟ್ಟಿನಿಂದಲೇ ಪರಿಚಿತರಲ್ಲವೆ, ಎಂದು ಶ್ರೋತೃಗಳು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು.

ಅಮೆರಿಕಾ ದೇಶವು 1965ರಲ್ಲಿ ತನ್ನ ವಲಸೆಯ ಕಾನೂನನ್ನು ತಿದ್ದಿ, ಇಂಥ ದೇಶದವರು ಇಷ್ಟೇ ಮಂದಿ ಬರಬಹುದೆಂಬ ಹಳೆಯ ಪಕ್ಷಪಾತದ ಲೆಕ್ಕವನ್ನು ಕೈಬಿಟ್ಟಿತು. ಆ ಬಳಿಕ ನಮ್ಮ ಕಡೆಯ ವೈದ್ಯರೂ ಎಂಜಿನಿಯರುಗಳೂ ಅನೇಕರು ಅಲ್ಲಿಗೆ ಹೋದರು. ನಮ್ಮ ತಮ್ಮನೂ ಹಾಗೆ ಹೋದವನೇ. ಅವನ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ತಂದೆ ತೀರಿಕೊಂಡ ಮರುವರ್ಷ ಒಬ್ಬಳೇ ಮೈಸೂರಿಗೆ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು.

ಮೊದಲ ವಾರವೆಲ್ಲ ಸಂಬೋಧನೆಯದೇ ತೊಡಕು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆಯ ಗಂಡ, ಇಷ್ಟು ಮಂದಿಗೂ ಇಂಗ್ಲಿಷಿನಲ್ಲಿ 'ಅಂಕಲ್' ಎಂಬುದೊಂದೇ ಮಾತು. ಪಾಪ, ಆಕೆ ವಂಶವೃಕ್ಷವನ್ನು ಬರೆದುಕೊಂಡು ಪಾಠದಂತೆ ಒಪ್ಪಿಸುತ್ತಿದ್ದಳು. ಆದರೆ ಆಕೆಯ ಕನ್ನಡವೋ! ನಮ್ಮ ಮೊಮ್ಮಕ್ಕಳು ಬಾತ್‌ರೂಮು, ಹಾಲು ಎನ್ನುವಲ್ಲಿ ಆಕೆ ಬಚ್ಚಲುಮನೆ, ನಡುಮನೆ ಎನ್ನುವಳು. ತಾನು ಊರು ಬಿಟ್ಟ ಕಾಲದ ನುಡಿಯನ್ನೇ ತಂದೆಯು ಜತನವಾಗಿ ಮಗಳಿಗೆ ಕೊಟ್ಟಿದ್ದನು. ಅದನ್ನು ಕೇಳಿ ನಾವು ನಕ್ಕೆವು. ಬಳಿಕ ನಮಗೇ ನಾಚಿಕೆಯಾಯಿತು.

ಮಾತು ಬಂದರೂ ಆಕೆಗೆ ಅಕ್ಷರ ಬಾರದು. ಒಂದು ಸಂಜೆ ನೀಲಿ ಬಣ್ಣದ ಏರೋಗ್ರಾಮುಗಳ ಕಟ್ಟೊಂದನ್ನು ತಂದು ಮುಂದಿಟ್ಟಳು. ಎಲ್ಲವೂ ನಾವು ತಮ್ಮನಿಗೆ ಬರೆದವು. ಓದಿ ಹೇಳಬೇಕೆಂದು ಆಕೆಯ ಬೇಡಿಕೆ. ಮದುವೆ, ಮಳೆ, ಅಕ್ಕಿಯ ಬೆಲೆ ಎಂದು ಓದುತ್ತ ಹೋದೆವು. 1976ರ ಕಾಗದ ಕೈಗೆ ಬಂದಾಗ ನಾಲಗೆ ತಡೆಯಿತು. ಆ ವರ್ಷ ತಾಯಿ ತೀರಿಕೊಂಡಾಗ ತಂತಿ ಕೊಟ್ಟರೂ ತಮ್ಮ ಬಂದಿರಲಿಲ್ಲ. ಹೆತ್ತವಳ ಕ್ರಿಯೆಗೆ ಬಾರದವನಿಗೆ ಈ ಮನೆಯಲ್ಲಿ ಇನ್ನೇನು ಕೆಲಸವೆಂದು ನಾವು ಬರೆದಿದ್ದೆವು. ಅವನು ಮುಂದೆ ಊರಿಗೆ ಬಂದಾಗಲೂ ಆ ಮಾತನ್ನು ನಾವು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಎರಡು ಸಾಲು ಬಿಟ್ಟು ಓದೋಣವೆಂದುಕೊಂಡೆವು. ಆಕೆ ನಮ್ಮ ಮುಖವನ್ನೇ ನೋಡುತ್ತಿದ್ದಳು. ಬಿಡದೆ ಓದಿದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಅಪ್ಪನ ಕಾಯಂ ವಾಸದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲವಂತೆ. ಮುಂಚಿತವಾಗಿ ಅಪ್ಪಣೆ ಪಡೆಯದೆ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ ಆಗುತ್ತಿತ್ತು ಎಂದು ಅಮ್ಮ ಹೇಳಿದ್ದಾಳೆ. ಅಪ್ಪ ನಿಮಗೆ ಬರೆದಿರಲಿಲ್ಲವೆ?" ಎಂದಳು.

ಬರೆದಿರಲಿಲ್ಲ. ಏಕೆ ಬಾರದೆ ಹೋದೆ ಎಂದು ನಾವು ಕೇಳಿಯೂ ಇರಲಿಲ್ಲ.

ಆಕೆ ಆ ಕಾಗದವನ್ನು ಮೊದಲಿನ ಮಡಿಕೆಯಲ್ಲಿಯೇ ಮಡಿಸಿ ಪಕ್ಕಕ್ಕಿಟ್ಟು, "ಮುಂದಿನದು ಓದಿ, ದೊಡ್ಡಪ್ಪ" ಎಂದಳು. ಕಟ್ಟಿನಲ್ಲಿ ಇನ್ನೂ ಮೂವತ್ತಕ್ಕೂ ಹೆಚ್ಚು ಕಾಗದಗಳಿದ್ದವು. ಕನ್ನಡಕವನ್ನು ಒರೆಸಿಕೊಂಡು ಮತ್ತೆ ಓದತೊಡಗಿದೆವು.