ಧನ ದನವಾಗದಂತೆ: ಅಚ್ಚಿನ ಮನೆ ಕಲಿಸುವ ಡಿಸೈನ್

(ಗ್ರಾಫಿಕ್ ಡಿಸೈನ್ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಹಾಲಿಂಗಪುರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಹಾಲಿಂಗಪುರದ ಮಾತು ಬಂದರೆ ಮೊದಲು ನೆನಪಾಗುವುದು ಬೆಲ್ಲ, ಆಮೇಲೆ ಮಗ್ಗ. ಮುದ್ರಣ ಯಾರಿಗೂ ನೆನಪಾಗುವುದಿಲ್ಲ. ಆದರೆ ಪೆಂಟಿ ಬೆಲ್ಲ ಅಡತಿ ಅಂಗಡಿಗೆ ಬಂದು, ಲಿಲಾವಾಗಿ, ರೈತನ ಕೈಗೆ ಹಣ ಸೇರುವವರೆಗೆ ಒಂದು ಕಾಗದ ಅದರ ಜೊತೆಗೇ ನಡೆಯುತ್ತದೆ. ಅದು ಪಟ್ಟಿ ಪುಸ್ತಕದ ಹಾಳೆ. ಸೀರೆ ಮಗ್ಗದಿಂದಿಳಿದು ಮಡಿಕೆಯಾದ ಮೇಲೆ ಅದರ ಮೂಲೆಗೆ ಒಂದು ಚೀಟಿ ಅಂಟುತ್ತದೆ. ಮದುವೆಗೆ ಕಾರ್ಡು, ಜಾತ್ರೆಗೆ ಕರಪತ್ರ, ನಾಟಕಕ್ಕೆ ಗೋಡೆಪತ್ರ. ಇವೆಲ್ಲ ಯಾರೋ ಒಬ್ಬರು ವಿನ್ಯಾಸ ಮಾಡಿ, ಯಾರೋ ಒಬ್ಬರು ಅಚ್ಚು ಹಾಕಿದ ವಸ್ತುಗಳು. ವಿನ್ಯಾಸ ಎಂಬ ಪದ ಈ ಕಸುಬಿಗೆ ಅಂಟಿಕೊಳ್ಳುವ ಎಷ್ಟೋ ಮೊದಲಿನಿಂದ ಪೇಟೆಯ ಸಣ್ಣ ಪ್ರೆಸ್ಸುಗಳಲ್ಲಿ ಈ ಕೆಲಸ ನಡೆದುಬಂದಿದೆ.

ಈಗ ಈ ಭಾಗದ ವಿದ್ಯಾರ್ಥಿನಿಯೊಬ್ಬಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಡಿಸೈನ್ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಊರಿಗೆ ಬಂದು ಪ್ರೆಸ್ಸಿನಲ್ಲಿ ಕೂರುತ್ತಾಳೆ. ತಂತ್ರಾಂಶ ಅವಳಿಗೆ ಚೆನ್ನಾಗಿ ಗೊತ್ತು. ಪರದೆಯ ಮೇಲೆ ಅವಳು ಮಾಡಿದ್ದು ಕಣ್ಣಿಗೆ ಹಬ್ಬ. ಅದೇ ಕಾಗದಕ್ಕೆ ಇಳಿದಾಗ ಬಣ್ಣ ಮಂಕು, ಅಕ್ಷರ ಕಲಸುಮಲಸು, ಅಂಚಿನಲ್ಲಿ ಬಿಳಿ ಗೆರೆ. ಅಲ್ಲಿಂದ ಮುಂದೆ ಅವಳು ಕಲಿಯುವುದನ್ನು ಇಂಗ್ಲಿಷಿನಲ್ಲಿ ವಾಣಿಜ್ಯ ಮುದ್ರಣದ ಕೌಶಲವೆಂದು ದೊಡ್ಡ ಹೆಸರಿಟ್ಟು ಕರೆಯುತ್ತಾರೆ. ಪ್ರೆಸ್ಸಿನವರು ಅದನ್ನು ‘ಜಾಬ್ ವರ್ಕ್’ ಎನ್ನುತ್ತಾರೆ.

ಬಣ್ಣದ ವಿಷಯ ಮೊದಲು. ಪರದೆಯ ಬಣ್ಣ ಬೆಳಕಿನಿಂದ ಆದದ್ದು. ಕೆಂಪು, ಹಸಿರು, ನೀಲಿ ಬೆಳಕು ಕೂಡಿದರೆ ಬಿಳಿ. ಶಾಯಿಯ ಲೆಕ್ಕ ಇದಕ್ಕೆ ಉಲ್ಟಾ. ಕಾಗದದ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಶಾಯಿ ನುಂಗುತ್ತದೆ, ಉಳಿದದ್ದು ಕಣ್ಣಿಗೆ ಬರುತ್ತದೆ. ಆಫ್‌ಸೆಟ್ ಯಂತ್ರದಲ್ಲಿರುವುದು ನಾಲ್ಕೇ ಶಾಯಿ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗುಲಾಬಿಗೆಂಪು, ಹಳದಿ, ಕಪ್ಪು. ಮಜೆಂಟಾ ನೂರು, ಹಳದಿ ನೂರು ಕೊಟ್ಟರೆ ಕುಂಕುಮದ ಕೆಂಪು. ಹಳದಿ ನೂರಕ್ಕೆ ಮಜೆಂಟಾ ಹತ್ತಿಪ್ಪತ್ತು ಸೇರಿಸಿದರೆ ಅರಿಸಿನ. ಪರದೆಯ ಮೇಲೆ ಮಿನುಗುವ ಗಿಳಿಹಸಿರು ಮಾತ್ರ ಈ ನಾಲ್ಕರಲ್ಲಿ ಹುಟ್ಟುವುದೇ ಇಲ್ಲ. ಪತ್ರಿಕೆಯ ಬಣ್ಣದ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅಲ್ಲಿ ಮುಖವೂ ಇಲ್ಲ, ಮುಗಿಲೂ ಇಲ್ಲ, ಬರೀ ಚುಕ್ಕೆ. ನಾಲ್ಕು ಬಣ್ಣದ ಚುಕ್ಕೆಸಾಲುಗಳನ್ನು ಬೇರೆಬೇರೆ ಕೋನದಲ್ಲಿ ತಿರುಗಿಸಿ ಇಟ್ಟಿರುತ್ತಾರೆ. ಕೋನ ತಪ್ಪಿದರೆ ಚಿತ್ರದ ಮೇಲೆ ಜಾಲರಿ ಎದ್ದುಬಿಡುತ್ತದೆ.

ಎರಡನೆಯ ಪಾಠ ಕಾಗದದ್ದು. ಇದು ನೇರವಾಗಿ ಹಣದ ಪಾಠ. ಡೆಮಿ ಹಾಳೆ ಸುಮಾರು 18 ಇಂಚು ಅಗಲ, 23 ಇಂಚು ಉದ್ದ. ಅದನ್ನು ಎಂಟು ತುಂಡು ಮಾಡಿ ಅಂಚು ಕತ್ತರಿಸಿದರೆ ಸಿಗುವುದೇ ಕನ್ನಡದ ಕಥೆ-ಕಾದಂಬರಿಗಳ ಪರಿಚಿತ ಆಕಾರ, ಐದೂವರೆಗೆ ಎಂಟೂವರೆ ಇಂಚು. ವಿದ್ಯಾರ್ಥಿನಿ ಅಂದಕ್ಕಾಗಿ ಆರಕ್ಕೆ ಒಂಬತ್ತೂಕಾಲು ಇಂಚಿನ ಕರಪತ್ರ ಮಾಡಿದಳೆನ್ನಿ. ಅದೇ ಹಾಳೆಯಲ್ಲಿ ಈಗ ಆರೇ ತುಂಡು. 800 ಪ್ರತಿಗೆ 100 ಹಾಳೆ ಸಾಕಾಗುತ್ತಿದ್ದಲ್ಲಿ 134 ಬೇಕು. ಉಳಿದ ಚೂರು ರದ್ದಿಗೆ. ಗಿರಾಕಿ ಬೆಲೆ ಕೇಳಿ ಹೌಹಾರುತ್ತಾನೆ, ಪ್ರೆಸ್ಸಿನವರು ಅವಳ ಮುಖ ನೋಡುತ್ತಾರೆ. ಅರ್ಧ ಇಂಚಿನ ಬೆಲೆ ಎಷ್ಟೆಂಬುದು ಅವಳಿಗೆ ಅಲ್ಲಿ ಗೊತ್ತಾಗುತ್ತದೆ. ಕಾಗದಕ್ಕೆ ಕಟ್ಟಿಗೆಯಂತೆ ಎಳೆಯೂ ಇದೆ. ದಪ್ಪ ಕಾರ್ಡನ್ನು ಎಳೆಗೆ ಅಡ್ಡವಾಗಿ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಇನ್ನು ಮದುವೆ ಕಾರ್ಡಿನ ನಾಲ್ಕು ಮೂಲೆಗೆ ಅರಿಸಿನ ಹಚ್ಚುವ ಪದ್ಧತಿ ನಿಮಗೆ ಹೇಳಬೇಕಾದ್ದಿಲ್ಲ. ನುಣುಪಿನ ಆಸೆಗೆ ಕಾರ್ಡಿಗೆ ಪೂರ್ತಿ ಲ್ಯಾಮಿನೇಷನ್ ಮಾಡಿಸಿದರೆ ಅರಿಸಿನ ನಿಲ್ಲದು. ಮನೆಯ ಹಿರಿಯರು ಕಾರ್ಡು ತಿರುಗಿಸಿ ಹಿಂಬದಿಗೆ ಹಚ್ಚಬೇಕಾಗುತ್ತದೆ. ಇಂಥದ್ದು ಯಾವ ಪಠ್ಯಪುಸ್ತಕದಲ್ಲಿದ್ದೀತು?

ಇಷ್ಟು ಯಾವ ಭಾಷೆಯ ವಿದ್ಯಾರ್ಥಿಗಾದರೂ ಒಂದೇ. ಕನ್ನಡದ ವಿದ್ಯಾರ್ಥಿಗೆ ಇನ್ನೊಂದು ಪಾಠವಿದೆ. ಅದು ಕನ್ನಡ ಅಕ್ಷರದ್ದು. ಅದನ್ನು ಕಲಿಸುವ ವಿಡಿಯೋ ಪಾಠಗಳು ಕಡಿಮೆ, ಕಲಿಸಬಲ್ಲ ಜನರೂ ಈಗ ಕಡಿಮೆಯಾಗುತ್ತಿದ್ದಾರೆ.

‘ದ’ಕ್ಕೂ ‘ಧ’ಕ್ಕೂ ಇರುವ ಅಂತರವೆಷ್ಟು? ಬುಡದಲ್ಲೊಂದು ಪುಟ್ಟ ಗೆರೆ. ‘ಪ’ ಮತ್ತು ‘ಫ’, ‘ಡ’ ಮತ್ತು ‘ಢ’, ‘ಬ’ ಮತ್ತು ‘ಭ’ ಇವುಗಳ ನಡುವೆಯೂ ಅಷ್ಟೇ. ‘ರ’ದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ ‘ಠ’. ಅಂಗಡಿಯ ಹೆಸರು ‘ಧನಲಕ್ಷ್ಮಿ’ ಎಂದಿರಲಿ. ಕಡುಗೆಂಪು ನೆಲದ ಮೇಲೆ ಬಿಳಿ ಅಕ್ಷರದಲ್ಲಿ, ಸಣ್ಣ ಗಾತ್ರದಲ್ಲಿ, ಅಗ್ಗದ ಕಾಗದದ ಮೇಲೆ ಅದನ್ನು ಮುದ್ರಿಸಿದರೆ ಸುತ್ತಲಿನ ಶಾಯಿ ಹರಡಿ ಆ ಪುಟ್ಟ ಬಿಳಿ ಗೆರೆಯನ್ನು ಮುಚ್ಚಿಬಿಡುತ್ತದೆ. ಧನಲಕ್ಷ್ಮಿ ದನಲಕ್ಷ್ಮಿಯಾಗುತ್ತಾಳೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಜಾಲರಿಯ ಕಣ್ಣಿಗಿಂತ ಗೆರೆ ತೆಳುವಾಗಿದ್ದರೆ ಅದು ಇಳಿಯುವುದೇ ಇಲ್ಲ. ಪರದೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ ನೋಡುವವರಿಗೆ ಈ ಅಪಾಯ ಕಾಣದು. ಹಳಬರು ಸಣ್ಣ ಅಕ್ಷರವನ್ನು ಬಿಳಿ ನೆಲದ ಮೇಲೆ ಕಪ್ಪಿನಲ್ಲೇ ಹೊಡೆಯಿರಿ ಎನ್ನುತ್ತಿದ್ದುದು ಹಟದಿಂದಲ್ಲ.

ಸಾಲಿನ ನಡುವಿನ ಜಾಗದ ಕಥೆಯೂ ಹೀಗೆಯೇ. ರೋಮನ್ ಅಕ್ಷರ ಬಹುಪಾಲು ಒಂದು ಗೆರೆಯ ಮೇಲೆ ಕೂತಿರುತ್ತದೆ. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ. ತಂತ್ರಾಂಶ ಇಂಗ್ಲಿಷಿನ ಅಳತೆಗೆ ತಾನಾಗಿ ಕೊಡುವ ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಬಹುದು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಇಂಥ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬರುತ್ತದೆ. ಇಲ್ಲಿ ಕಾಗದ ಉಳಿಸಲು ಹೋದರೆ ಓದುಗನ ಕಣ್ಣು ಸೋಲುತ್ತದೆ.

ಈ ತೊಡಕು ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಅಂದಿನಿಂದಲೂ ಕನ್ನಡಕ್ಕೆ ಅಚ್ಚುಮೊಳೆ ಮಾಡುವವರಿಗೆ ಒತ್ತಕ್ಷರವೇ ತಲೆನೋವು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಮೊದಲು ಬಂದದ್ದು ಮೊಳೆ ಜೋಡಿಸಿ ಅಲ್ಲ, ಕಲ್ಲಚ್ಚಿನಲ್ಲಿ. ಅಂದರೆ ಕೈಬರಹವೇ ಕಲ್ಲಿಗಿಳಿದು ಕಾಗದಕ್ಕೆ ಬಂತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಯ ಅಚ್ಚಿಗೆ ಬದಲಾಯಿತು. ಕಲ್ಲಚ್ಚನ್ನು 1796ರ ಹೊತ್ತಿಗೆ ಕಂಡುಹಿಡಿದವನು ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್. ಎಣ್ಣೆ-ನೀರು ಕೂಡುವುದಿಲ್ಲ ಎಂಬ ಅಡುಗೆಮನೆಯ ಸತ್ಯವೇ ಅದರ ತಳಹದಿ. ಇವತ್ತಿನ ಆಫ್‌ಸೆಟ್ ಯಂತ್ರವೂ ಇದೇ ತತ್ವದ ಮೇಲೆ ಓಡುತ್ತದೆ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟು ಬಂದಿದೆ, ಅಷ್ಟೆ. ಬಾಗಲಕೋಟೆ, ಲೋಕಾಪುರದ ಸುತ್ತ ಸುಣ್ಣಗಲ್ಲಿಗೆ ಬರವಿಲ್ಲ. ಕಲ್ಲಚ್ಚಿಗೆ ಹೆಸರಾದ ನಯವಾದ ಸುಣ್ಣಗಲ್ಲು ಮಾತ್ರ ಜರ್ಮನಿಯ ಸೋಲ್ನ್‌ಹೋಫನ್ ಊರಿನದು.

ಮೊಳೆಯ ಕಾಲದ ಕಂಪೋಸಿಟರ್ ಎದುರಿಗಿದ್ದ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಇಂಗ್ಲಿಷಿಗೆ ಬೇಕಾದ ಮನೆಗಳ ಹಲವು ಪಟ್ಟು ಮನೆಗಳು ಕನ್ನಡದ ಕೇಸಿಗೆ ಬೇಕು. ವ್ಯಂಜನ ಬೇರೆ, ಗುಣಿತ ಬೇರೆ, ಒತ್ತು ಬೇರೆ. ಅವರು ಕೈಯಲ್ಲಿ ಸ್ಟಿಕ್ ಹಿಡಿದು, ಪೆಟ್ಟಿಗೆ ನೋಡದೆಯೇ ಮೊಳೆ ಎತ್ತುತ್ತಿದ್ದರು. ತಲೆಕೆಳಗಾದ, ಕನ್ನಡಿಯ ಪ್ರತಿಬಿಂಬದಂಥ ಕನ್ನಡವನ್ನು ಸರಾಗವಾಗಿ ಓದುತ್ತಿದ್ದರು. ಪದಗಳ ನಡುವೆ ಎಷ್ಟು ತೆಳು ಸೀಸದ ತುಂಡು, ಸಾಲುಗಳ ನಡುವೆ ಎಷ್ಟು ದಪ್ಪದ ಪಟ್ಟಿ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಸಾಲಂತರಕ್ಕೆ ಇಂಗ್ಲಿಷಿನಲ್ಲಿ ‘ಲೆಡಿಂಗ್’ ಎನ್ನುವುದು ಆ ಸೀಸದ ಪಟ್ಟಿಯಿಂದಲೇ.

ಡಿಟಿಪಿ ಬಂದ ಮೇಲೆ ಕೇಸು ಅಟ್ಟಕ್ಕೇರಿತು. 1990ರ ದಶಕದಲ್ಲಿ ಪೇಜ್‌ಮೇಕರಿನಲ್ಲಿ ಕನ್ನಡ ಮೂಡಿಸಲು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಆ ಹೊತ್ತಿಗೆ ಅದು ಜಾಣತನದ ದಾರಿಯೇ. ಆದರೆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ಆ ಕಡತ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದವು. ಅದಕ್ಕೇ ಪ್ರೆಸ್ಸಿಗೆ ಕಳಿಸುವ ಮುನ್ನ ಅಕ್ಷರವನ್ನು ‘ಕರ್ವ್’ ಮಾಡುವ ರೂಢಿ ಬಂತು. ಕರ್ವ್ ಆದ ಅಕ್ಷರ ಬರೀ ಚಿತ್ರ. ಅದರಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಲು ಬರುವುದಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. ಆದರೂ ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಬಹುಕಾಲ ಒಡೆದೇ ಕಾಣುತ್ತಿತ್ತು. ಇನ್‌ಡಿಸೈನಿನಲ್ಲಿ ಭಾರತೀಯ ಲಿಪಿಗಳ ಜೋಡಣೆಗೆ ವ್ಯವಸ್ಥೆ ಸಿಕ್ಕಿದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಈಗಲೂ ಸರಿಯಾದ ಸೆಟ್ಟಿಂಗ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ದೊಡ್ಡ ಊರುಗಳ ಜಾಹೀರಾತು ಫಲಕಗಳಲ್ಲಿ ಆಗಾಗ ಕಾಣುವ ಒಡೆದ ಕನ್ನಡ ಅನುವಾದಕನ ತಪ್ಪಲ್ಲ. ಕನ್ನಡ ಓದಲು ಬಾರದ ಡಿಸೈನರ್ ಅಕ್ಷರವನ್ನು ನಕಲಿಸಿ ಅಂಟಿಸಿದ್ದರ ಫಲ ಅದು. ಅಂಥ ಕಡೆ ಒಬ್ಬ ಕನ್ನಡ ಬಲ್ಲ ವಿದ್ಯಾರ್ಥಿ ಇದ್ದಿದ್ದರೆ ಐದು ನಿಮಿಷದಲ್ಲಿ ಸರಿಯಾಗುತ್ತಿತ್ತು.

ವ್ಯಾಪಾರದ ಮುದ್ರಣವೆಂದರೆ ಕಲೆಗಿಂತ ಕೀಳು ಎಂಬ ಭಾವನೆ ಕಾಲೇಜುಗಳಲ್ಲಿದೆ. ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಮುಂಬಯಿಗೆ ಹೋಗಿ ಹೆಸರು ಮಾಡಿದ್ದು ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ದೇವರುಗಳಿಂದ. ಅಲ್ಲಿ ಅವರು ಕಲಿತ ಶಾಲೆಗಳಲ್ಲೊಂದು ಕನ್ನಡಿಗರೇ ಆದ ಜಿ. ಎಸ್. ದಂಡಾವತಿಮಠರ ನೂತನ ಕಲಾ ಮಂದಿರ. ಅಚ್ಚಾಗಿ ಗೋಡೆ ಏರಿದ ಆ ಚಿತ್ರಗಳನ್ನು ನೋಡಿದಷ್ಟು ಜನ ಯಾವ ಗ್ಯಾಲರಿಯ ಚಿತ್ರವನ್ನೂ ನೋಡಿರಲಾರರು.

ತಮಿಳುನಾಡಿನ ಶಿವಕಾಶಿಯ ಕಥೆ ಇನ್ನೂ ಹತ್ತಿರದ್ದು. ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬ ಇಬ್ಬರು 1922ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಪೆಟ್ಟಿಗೆ ಮಾಡುವುದನ್ನು ಕಲಿತು ಬಂದರು. ಪೆಟ್ಟಿಗೆಗೆ ಲೇಬಲ್ ಬೇಕಾಯಿತು, ಲೇಬಲಿಗೆ ಪ್ರೆಸ್ ಬೇಕಾಯಿತು. ಆ ಒಣನೆಲದ ಊರು ಹೀಗೆಯೇ ದೇಶದ ದೊಡ್ಡ ಮುದ್ರಣ ಕೇಂದ್ರಗಳಲ್ಲಿ ಒಂದಾಯಿತು. ಈಗ ಈ ಭಾಗದ ಮದುವೆಗಳಿಗೂ ಚಿತ್ರವಿರುವ ಸಿದ್ಧ ಕಾರ್ಡು ಹೊರಗಿನಿಂದ ಬರುತ್ತದೆ. ಊರಿನ ಪ್ರೆಸ್ಸಿಗೆ ಉಳಿದಿರುವುದು ಹೆಸರು ಹೊಡೆಯುವ ಕೆಲಸ. ಬೆಲ್ಲವೂ ಸೀರೆಯೂ ಇರುವ ಊರಿಗೆ ಲೇಬಲ್ ಮಾತ್ರ ಯಾಕೆ ಬೇರೆ ಕಡೆಯಿಂದ ಬರಬೇಕು? ಈ ಪ್ರಶ್ನೆಯನ್ನು ವ್ಯಾಪಾರಿಗಳಿಗೆ ಕೇಳಬಹುದು, ಕಾಲೇಜುಗಳಿಗೂ ಕೇಳಬಹುದು.

ಪಟ್ಟಿ ಪುಸ್ತಕವನ್ನೇ ತೆಗೆದುಕೊಳ್ಳಿ. ಡಿಸೈನ್ ವಿದ್ಯಾರ್ಥಿಗಳು ಲಾಂಛನ ಮಾಡಲು ಹಾತೊರೆಯುತ್ತಾರೆ. ಇದನ್ನು ಯಾರೂ ಮುಟ್ಟುವುದಿಲ್ಲ. ನಿಜಕ್ಕೂ ಕಷ್ಟದ ವಿನ್ಯಾಸ ಇದೇ. ಲಿಲಾವಿನ ಗದ್ದಲದಲ್ಲಿ ಗುಮಾಸ್ತ ನಿಂತೇ ಬರೆಯುತ್ತಾನೆ. ಕಾರ್ಬನ್ ಪ್ರತಿಯಲ್ಲೂ ಅಂಕಿ ಮೂಡಬೇಕು. ತೂಕ, ದರ, ಕಡಿತ, ಉಳಿದ ಮೊತ್ತ ಇವಕ್ಕೆ ಕೈಬರಹ ಹಿಡಿಸುವಷ್ಟು ಮನೆ ಬೇಕು. ಗೆರೆ ಕಡುಕಪ್ಪಾದರೆ ಬರೆದ ಅಂಕಿ ಮುಳುಗುತ್ತದೆ, ತೀರ ತೆಳುವಾದರೆ ಮುದ್ರಣದಲ್ಲಿ ಕಡಿದುಹೋಗುತ್ತದೆ. ಪ್ರತಿ ಹಾಳೆಗೆ ಕ್ರಮಸಂಖ್ಯೆ, ಹರಿಯಲು ತೂತಿನ ಸಾಲು, ಹೊಲಿಗೆಗೆ ಎಡಗಡೆ ಜಾಗ. ವರ್ಷವಿಡೀ ದುಡಿದ ಕಬ್ಬಿನ ಲೆಕ್ಕ ರೈತನಿಗೆ ಕಾಣುವುದು ಆ ಅಂಗೈಯಗಲದ ಕಾಗದದಲ್ಲಿ. ಏಳು ಒಂದರಂತೆ ಕಂಡರೆ ನಷ್ಟ ಯಾರದು?

ಮೊಳೆ ಜೋಡಿಸಿದ ಕೈಗಳಿಗೆ ಈಗ ವಯಸ್ಸಾಗಿದೆ. ಟ್ರೆಡಲ್ ಯಂತ್ರಗಳು ಎಷ್ಟೋ ಕಡೆ ಗುಜರಿ ಸೇರಿವೆ. ಸೀಸ, ತವರ, ಆಂಟಿಮನಿ ಬೆರೆತ ಮೊಳೆ ಕಿಲೋ ಲೆಕ್ಕದಲ್ಲಿ ಮಾರಾಟವಾಗಿ ಕರಗಿದೆ. ಆ ಯಂತ್ರ ಮತ್ತೆ ಓಡಬೇಕೆಂದು ಯಾರೂ ಬಯಸಬೇಕಿಲ್ಲ. ಸೀಸದ ಧೂಳು ಒಳ್ಳೆಯದೇನಲ್ಲ, ದುಡಿಮೆಯೂ ಸುಲಭದ್ದಾಗಿರಲಿಲ್ಲ. ಆದರೆ ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿ ಹಳೆಯ ಕಂಪೋಸಿಟರ್ ಒಬ್ಬರ ಮನೆ ಹುಡುಕಿ, ನೋಟುಪುಸ್ತಕ ತೆರೆದು ಕೇಳಬಹುದಾದ ಪ್ರಶ್ನೆಗಳು ಬಹಳ ಇವೆ. ಒತ್ತಿನ ಮೊಳೆ ತೀರಿಹೋದಾಗ ವಾಕ್ಯವನ್ನೇ ಬದಲಿಸುತ್ತಿದ್ದಿರಾ? ಮದುವೆ ಕಾರ್ಡಿನಲ್ಲಿ ಯಾರ ಹೆಸರಿಗೆ ಯಾವ ಗಾತ್ರ ಎಂದು ನಿರ್ಧರಿಸುತ್ತಿದ್ದವರು ಯಾರು? ನಾಟಕದ ಗೋಡೆಪತ್ರದಲ್ಲಿ ಕಂಪನಿಯ ಹೆಸರು ದೊಡ್ಡದೋ, ನಾಟಕದ ಹೆಸರೋ? ಬೆರಳಿಗೆ ಸಿಕ್ಕದ್ದು ‘ದ’ವೋ ‘ಧ’ವೋ ಎಂದು ಕತ್ತಲಲ್ಲಿ ಹೇಗೆ ತಿಳಿಯುತ್ತಿತ್ತು?