ತಂದೆಯ ಪಾಪಕ್ಕೆ ಮಗ ಹೊಣೆಯೇ?

ಕ್ರೈಸ್ತರ ಸತ್ಯವೇದದಲ್ಲಿ ಓದುಗರನ್ನು ತಡೆದು ನಿಲ್ಲಿಸುವ ವಚನಗಳು ಹಲವಿವೆ. ಫರೋಹನ ಹೃದಯವನ್ನು ದೇವರೇ ಕಠಿಣ ಮಾಡಿದನೆಂದರೆ ತಪ್ಪು ಯಾರದು, ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು, ಇಂಥವನ್ನು ಎಲ್ಲ ಊರುಗಳಲ್ಲೂ ಕೇಳುತ್ತಾರೆ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮಟ್ಟಿಗೆ ಇವೆಲ್ಲಕ್ಕಿಂತ ತೂಕದ ವಚನ ಇನ್ನೊಂದು. ಅದು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ, ದಶಾಜ್ಞೆಗಳ ನಡುವೆಯೇ ಇದೆ: ತಂದೆಗಳ ದೋಷ ಮಕ್ಕಳ ಮೇಲೆ, ಮೂರು ನಾಲ್ಕನೆಯ ತಲೆಯವರೆಗೂ ಬರುತ್ತದೆಂಬ ಎಚ್ಚರಿಕೆ. ವಚನ ಕಠಿಣವೋ ಸುಲಭವೋ ಎಂಬುದು ಕೇಳುವವರ ಬದುಕಿನ ಮೇಲೂ ನಿಂತಿರುತ್ತದೆ. ಈ ಸೀಮೆಯಲ್ಲಿ ಹುಟ್ಟಿನ ಪ್ರಶ್ನೆ ಕ್ರೈಸ್ತರು ಬರುವುದಕ್ಕೆ ಏಳು ಶತಮಾನ ಮೊದಲೇ ಎದ್ದಿತ್ತು. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಮದುವೆಯ ನಂಟು ಬೆಳೆದಾಗ ಕಲ್ಯಾಣದಲ್ಲಿ ಇಬ್ಬರೂ ಪ್ರಾಣ ತೆತ್ತ ಕಥೆಯನ್ನು ಇಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಮುಂದೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮರ ಆಳ್ವಿಕೆಯ ಬೀದರ್ ಕಡೆಗೆ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಬಂದರು. ಅವರ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ದಲಿತ ಕೇರಿಗಳವರು. ಕೀಳು ಹುಟ್ಟು ಹಿಂದಿನ ಜನ್ಮದ ಪಾಪದ ಫಲವೆಂದು ತಲೆತಲಾಂತರದಿಂದ ಕೇಳಿಸಿಕೊಂಡವರು. ಹೊಸ ಶಾಸ್ತ್ರವೂ ನಿನ್ನ ತಂದೆಯ ಪಾಪ ನಿನ್ನ ತಲೆಗೆ ಎಂದರೆ, ಬಿಟ್ಟು ಬಂದದ್ದಾದರೂ ಏನನ್ನು?

ಈ ಪ್ರಶ್ನೆಗೆ ಉತ್ತರ ಹೊರಗಿನಿಂದ ತರಬೇಕಿಲ್ಲ, ಸತ್ಯವೇದವೇ ಆ ವಚನದೊಡನೆ ವಾದ ಮಾಡುತ್ತದೆ ಎಂಬುದು ನನ್ನ ವಾದ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಕಟ್ಟಳೆಯಂತೆ ಮಕ್ಕಳ ಅಪರಾಧಕ್ಕೆ ತಂದೆಗಾಗಲಿ, ತಂದೆಯ ಅಪರಾಧಕ್ಕೆ ಮಕ್ಕಳಿಗಾಗಲಿ ಮರಣದಂಡನೆ ಕೂಡದು. ಇದು ಬರಿಯ ಬರಹವಾಗಿ ಉಳಿಯಲಿಲ್ಲ. ಅರಸ ಅಮಚ್ಯನು ತನ್ನ ತಂದೆಯನ್ನು ಕೊಂದವರಿಗೆ ಶಿಕ್ಷೆ ಕೊಟ್ಟಾಗ ಇದೇ ಕಟ್ಟಳೆಯಂತೆ ಅವರ ಮಕ್ಕಳನ್ನು ಉಳಿಸಿದನೆಂದು ಅರಸುಗಳ ಎರಡನೆಯ ಗ್ರಂಥ ದಾಖಲಿಸಿದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬೆಲಿಗೆ ಸೆರೆಹೋದ ಯೆಹೂದ್ಯರು, ಹುಳಿ ದ್ರಾಕ್ಷಿ ತಿಂದವರು ಹಿರಿಯರು, ಹಲ್ಲು ಚಳಿತದ್ದು ಮಾತ್ರ ನಮಗೆ ಎಂಬ ಗಾದೆ ಹೇಳಿಕೊಂಡು ಕೂತಿದ್ದರು. ಪ್ರವಾದಿ ಯೆಹೆಜ್ಕೇಲನು ತನ್ನ 18ನೇ ಅಧ್ಯಾಯವನ್ನು ಪೂರ್ತಿ ಈ ಗಾದೆಯನ್ನು ಅಳಿಸುವುದಕ್ಕೇ ಮೀಸಲಿಟ್ಟಿದ್ದಾನೆ: ಪಾಪ ಮಾಡಿದವನೇ ಅದಕ್ಕೆ ಹೊಣೆ, ಮಗನಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ತಂದೆತಾಯಿಯದೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಲೂಕನ 13ನೇ ಅಧ್ಯಾಯದಲ್ಲಿ ಹೇಳುವವನೂ ಅವನೇ.

ಹಾಗಾದರೆ ದಶಾಜ್ಞೆಯ ಮಾತು ಸುಳ್ಳೇ? ಅಲ್ಲ. ಅಪರಾಧ ಬೇರೆ, ಅದರ ಫಲ ಬೇರೆ. ಹಳೆಯ ಇಸ್ರಾಯೇಲಿನಲ್ಲಿ ಮೂರು ನಾಲ್ಕು ತಲೆಯವರು ಒಂದೇ ಮನೆಯಲ್ಲಿ ಬಾಳುವುದು ಸಾಮಾನ್ಯವಾಗಿತ್ತು. ಯಜಮಾನ ಕೆಟ್ಟರೆ ಮನೆಯೇ ಕೆಡುತ್ತಿತ್ತು. ಇದನ್ನು ಜೀತ ಕಂಡ ನಾಡಿಗೆ ವಿವರಿಸಬೇಕೇ? ಅಪ್ಪ ತಂದ ಸಾಲಕ್ಕೆ ಮಗ ಗೌಡರ ಹೊಲದಲ್ಲಿ ದುಡಿದ, ಮಗ ತೀರಿಸದೆ ಉಳಿಸಿದ್ದಕ್ಕೆ ಮೊಮ್ಮಗ ದುಡಿದ. ಕಾನೂನು ಅದನ್ನು ನಿಷೇಧಿಸಿದ್ದು 1976ರಲ್ಲಿ. ಆ ಮೊಮ್ಮಗ ಕಷ್ಟಪಟ್ಟದ್ದು ನಿಜ, ಅವನು ತಪ್ಪಿತಸ್ಥನೆಂಬುದು ಸುಳ್ಳು. ವಿಮೋಚನಕಾಂಡ ಮೊದಲನೆಯದನ್ನು ಕಂಡಿತ್ತು, ಎರಡನೆಯದನ್ನು ಯೆಹೆಜ್ಕೇಲ ನಿರಾಕರಿಸಿದ. ಅಲ್ಲದೆ ಅದೇ ಆಜ್ಞೆಯಲ್ಲಿ ಶಿಕ್ಷೆ ಮೂರು ನಾಲ್ಕು ತಲೆಗೆ, ದಯೆ ಸಾವಿರ ತಲೆಗೆ. ಭಯ ಹುಟ್ಟಿಸಬೇಕೆಂದು ಓದುವವರು ಸಾಮಾನ್ಯವಾಗಿ ಮೊದಲರ್ಧಕ್ಕೇ ನಿಲ್ಲುತ್ತಾರೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದನ್ನು ಎತ್ತಿದವರು ಪಂಡಿತರು. 1839ರಲ್ಲಿ ಜಾನ್ ಮ್ಯೂರ್ ಎಂಬ ಕಂಪನಿ ಅಧಿಕಾರಿ ಸಂಸ್ಕೃತದಲ್ಲಿ ‘ಮತಪರೀಕ್ಷಾ’ ಬರೆದು ಕ್ರೈಸ್ತಮತವೇ ಶ್ರೇಷ್ಠವೆಂದು ವಾದಿಸಿದಾಗ ಸಂಸ್ಕೃತದಲ್ಲೇ ಉತ್ತರಗಳು ಬಂದವು. 1857ರಲ್ಲಿ ಮುಂಬಯಿಯ ಕಡಲ ದಂಡೆಯಲ್ಲಿ ವಿಷ್ಣುಬಾವಾ ಬ್ರಹ್ಮಚಾರಿ ಪಾದ್ರಿಗಳೊಡನೆ ಮರಾಠಿಯಲ್ಲಿ ಬಹಿರಂಗ ವಾದ ನಡೆಸಿದ. ಕರ್ಮವಾದಿಯ ತರ್ಕ ಸರಳ: ಪೂರ್ವಜನ್ಮವಿಲ್ಲವೆಂದರೆ ಹುಟ್ಟಿನ ತಾರತಮ್ಯಕ್ಕೆ ದೇವರೇ ಹೊಣೆಯಾಗುತ್ತಾನೆ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕುರುಡನ ಹುಟ್ಟಿಗೆ ಕಾರಣವೇನೆಂದು ಯೋಹಾನನ ಸುವಾರ್ತೆಯೂ ತೃಪ್ತಿಯಾಗುವಂತೆ ಹೇಳುವುದಿಲ್ಲ. ದೇವರ ಕ್ರಿಯೆ ತೋರಿಬರಲೆಂದು ಎನ್ನುತ್ತದೆ, ಅದೂ ಗಂಟಲಲ್ಲಿ ಸಿಕ್ಕುವ ಮಾತೇ. ಆದರೆ ಎಲ್ಲ ದುಃಖಕ್ಕೂ ಲೆಕ್ಕ ಕೊಡುವ ಸಿದ್ಧಾಂತ ಪ್ರತಿಯೊಬ್ಬ ನೊಂದವನನ್ನೂ ಅಪರಾಧಿಯನ್ನಾಗಿ ಮಾಡಬೇಕಾಗುತ್ತದೆ. ಲೆಕ್ಕ ಪೂರ್ತಿಯಾಗದಿದ್ದರೂ ಚಿಂತೆಯಿಲ್ಲ, ನಿರಪರಾಧಿಯ ಮೇಲೆ ಆರೋಪ ಬೇಡ ಎನ್ನುವ ಉತ್ತರವೇ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪ ಒಳಗಿನದು. ಮಗನಿಗೆ ತಂದೆಯ ಪಾಪ ತಟ್ಟದೆಂದರೆ ಆದಾಮನ ಪಾಪ ಎಲ್ಲರಿಗೂ ತಟ್ಟಿದ್ದು ಹೇಗೆ? ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಆಧರಿಸಿ 5ನೇ ಶತಮಾನದ ಆಗಸ್ಟೀನನು ಮಾನವರೆಲ್ಲ ಹುಟ್ಟಿನಿಂದಲೇ ಆದಾಮನ ಅಪರಾಧದಲ್ಲಿ ಪಾಲುದಾರರು ಎಂದ. ಪೂರ್ವದೇಶದ ಸಭೆಗಳು ಆನುವಂಶಿಕ ಅಪರಾಧವೆಂಬುದನ್ನು ಹಾಗೆ ಒಪ್ಪಲಿಲ್ಲ. ಹುಮನಾಬಾದಿನ ಕಡೆಗೆ ಬಂದದ್ದು ಯಾವ ಉತ್ತರ? ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಸಭೆಗಾಗಿ ಆಂಗ್ಲಿಕನರ 39 ವಿಧಿಗಳನ್ನು ಇಳಿಸಿ ಕಳಿಸಿದ; ಅಲ್ಲಿ ಒಂದು ಸೇರಿ 25 ಆದವು. ಜನ್ಮಪಾಪದ ವಿಧಿಯಲ್ಲಿ ಮನುಷ್ಯ ಸ್ವಭಾವ ಕೆಟ್ಟಿದೆ, ಕೆಡುಕಿನತ್ತ ವಾಲುತ್ತದೆ ಎಂಬ ಮಾತನ್ನು ಅವನು ಉಳಿಸಿಕೊಂಡ. ಹುಟ್ಟಿದ ಪ್ರತಿಯೊಬ್ಬನಲ್ಲೂ ಅದು ದೇವರ ಕೋಪಕ್ಕೂ ದಂಡನೆಗೂ ಅರ್ಹವೆಂಬ ಸಾಲನ್ನು ಕೈಬಿಟ್ಟ. ಹಾಗೆಂದು ವೆಸ್ಲಿ ಆ ಸಿದ್ಧಾಂತವನ್ನೇ ಬಿಟ್ಟನೆಂದಲ್ಲ. 1757ರಲ್ಲಿ ಅದರ ಪರವಾಗಿ ದೊಡ್ಡ ಗ್ರಂಥವನ್ನೇ ಬರೆದಿದ್ದ. ಆದರೆ ಬೀದರಿನ ಕಡೆಗೆ ಬಂದದ್ದು ಆ ಸಾಲಿಲ್ಲದ ವಿಧಿಗಳೇ. 1947ರಲ್ಲಿ ದಕ್ಷಿಣ ಭಾರತ ಸಭೆ ಕೂಡಿದಾಗ ಅಮೆರಿಕ ಮೂಲದ ಈ ಸಭೆ ಅದರೊಳಗೆ ಸೇರದೆ ಉಳಿಯಿತು, 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯಾಗಿ ಸ್ವತಂತ್ರವಾಯಿತು.

ಕೇಳುಗರಿಗೆ ಹಿಡಿಸುವಂತೆ ಶಾಸ್ತ್ರವನ್ನು ಬಗ್ಗಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಬಗ್ಗಿಸಬೇಕಾದರೆ ಯೆಹೆಜ್ಕೇಲನನ್ನು ನಾವು ಬರೆದಿರಬೇಕಿತ್ತು. ಉತ್ತರ ಅಲ್ಲಿ ಮೊದಲೇ ಇತ್ತು, ಅದನ್ನು ಹುಡುಕುವ ತುರ್ತು ಮಾತ್ರ ಈ ಸೀಮೆಯದು. ಆ ತುರ್ತು ಇನ್ನೂ ಮುಗಿದಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಅನ್ವಯಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಇಂದಿಗೂ ಹೊರಗೆ. ದೀಕ್ಷಾಸ್ನಾನವಾದರೂ ಊರು ಹಳೆಯ ಜಾತಿಯನ್ನು ಮರೆಯುವುದಿಲ್ಲ, ದಾಖಲೆ ಮಾತ್ರ ಮರೆಯುತ್ತದೆ. ಮಗನ ಮೇಲೆ ತಂದೆಯ ಅಪರಾಧ ಹೊರಿಸಬಾರದೆಂದು ಪ್ರವಾದಿಯ ಮಾತು ಓದಿ ಹೇಳಬಹುದು. ತಂದೆಯ ಹುಟ್ಟಿನ ಫಲವನ್ನು ಮಗ ಉಣ್ಣುತ್ತಿದ್ದಾನೆಯೇ ಎಂಬ ಪ್ರಶ್ನೆ ಈಗ ಸರ್ಕಾರದ ಮುಂದೆ, ನ್ಯಾಯಾಲಯದ ಮುಂದೆ, ಸಭೆಯ ಮುಂದೆಯೂ ಇದೆ.