ಅನಿವಾರ್ಯ ಡಿಕ್ಕಿಯಲ್ಲಿ ಆಘಾತವನ್ನು ತಗ್ಗಿಸುವ ಬಗೆ



ಮುಂದಿನ ವಾಹನವು ಹಠಾತ್ತನೆ ನಿಂತು, ಡಿಕ್ಕಿಯನ್ನು ತಪ್ಪಿಸುವುದು ಅಸಾಧ್ಯವೆಂದು ಚಾಲಕನಿಗೆ ಮನವರಿಕೆಯಾಗುವ ಗಳಿಗೆಯೊಂದುಂಟು. ಆಗ ಭಯದಿಂದ ಕೈಚೆಲ್ಲುವುದು ಸಹಜ. ಆದರೆ ಉಳಿದಿರುವ ಒಂದೆರಡು ಸೆಕೆಂಡುಗಳಲ್ಲಿ ಮಾಡಬಹುದಾದುದು ಸಾಕಷ್ಟಿದೆ.

ಚಲಿಸುವ ವಾಹನದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರನ್ನು 60ಕ್ಕೆ ಇಳಿಸಿದರೆ ವೇಗವು ತಗ್ಗುವುದು ಕಾಲು ಭಾಗ ಮಾತ್ರ. ಶಕ್ತಿಯಾದರೋ ಶೇಕಡಾ 44ರಷ್ಟು ತಗ್ಗುತ್ತದೆ. 40ಕ್ಕೆ ಇಳಿಸಿದರೆ ಉಳಿಯುವುದು ಕಾಲು ಪಾಲು. ಆದುದರಿಂದ ಬ್ರೇಕನ್ನು ಕೊನೆಯವರೆಗೂ ಬಲವಾಗಿ ಒತ್ತಿ ಹಿಡಿಯತಕ್ಕದ್ದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಅದು ಕಾರ್ಯಪ್ರವೃತ್ತವಾದಾಗ ಪೆಡಲು ಪಾದದಡಿಯಲ್ಲಿ ಅದುರುತ್ತದೆ. ಬ್ರೇಕ್ ಕೆಟ್ಟಿತೆಂದು ಬೆದರಿ ಕಾಲೆತ್ತಬಾರದು. ಈ ಸೌಲಭ್ಯವಿಲ್ಲದ ಹಳೆಯ ಕಾರಿನಲ್ಲಿ ಚಕ್ರಗಳು ಬಿಗಿದು ಜಾರತೊಡಗಿದರೆ ಸ್ಟಿಯರಿಂಗ್ ತಿರುಗಿಸಿ ಫಲವಿಲ್ಲ. ಒತ್ತಡವನ್ನು ತುಸು ಸಡಿಲಿಸಿ ಮತ್ತೆ ಒತ್ತಬೇಕು.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಂತೆಯೇ ಸರಿ. ಕಾರಿನ ಮೂತಿಯು 60 ಸೆಂಟಿಮೀಟರಿನಷ್ಟು ಮುದುಡುತ್ತಾ ನಿಂತರೆ ಸರಾಸರಿ ಆಘಾತವು ಗುರುತ್ವದ ಸುಮಾರು 16 ಪಟ್ಟು. 6 ಸೆಂಟಿಮೀಟರಿನಲ್ಲೇ ನಿಂತರೆ ಅದರ ಹತ್ತು ಪಟ್ಟು. ಮುಂಭಾಗವನ್ನು ಮುದುಡುವಂತೆ ರಚಿಸಿರುವುದು ಈ ಕಾರಣದಿಂದಲೇ. ಇಂದಿನ ಕಾರುಗಳು ತಗಡಿನ ಡಬ್ಬಿಗಳೆಂದು ಗೊಣಗುವವರು ಇದನ್ನು ಗಮನಿಸಬೇಕು. ಬಾಗಿಲುಗಳ ಕಡೆ ಇಷ್ಟು ಅವಕಾಶವಿಲ್ಲವಾದ್ದರಿಂದ, ಪಕ್ಕವನ್ನು ಒಡ್ಡುವುದಕ್ಕಿಂತ ಮೂತಿಯಿಂದ ತಾಗುವುದು ಲೇಸು.

ಯಾವುದಕ್ಕೆ ತಾಗಬೇಕೆಂಬ ಆಯ್ಕೆಯೂ ಕೆಲವೊಮ್ಮೆ ಚಾಲಕನ ಕೈಯಲ್ಲಿರುತ್ತದೆ. ಮರ, ಕಂಬಗಳು ಆಘಾತವನ್ನು ಒಂದೇ ಕಡೆ ಕೇಂದ್ರೀಕರಿಸುತ್ತವೆ. ನಿಂತ ಲಾರಿಯ ಹಿಂಭಾಗ ಇನ್ನೂ ಘೋರ. ಕಾರಿನ ಮೂತಿ ಅದರಡಿಗೆ ನುಗ್ಗಿ, ಲಾರಿಯ ಅಂಚು ನೇರವಾಗಿ ಗಾಜಿಗೆ ಬಡಿಯಬಹುದು. ಪೊದೆ, ಉತ್ತ ಹೊಲ, ಓರೆಯಾಗಿ ಉಜ್ಜಿಕೊಂಡು ಹೋಗಬಹುದಾದ ತಡೆಬೇಲಿ ಇವು ಮೇಲು. ಎದುರಿನಿಂದ ವಾಹನ ಬಂದರೆ ಎಡಕ್ಕೆ ಸರಿಯತಕ್ಕದ್ದು. ಆದರೆ ಅಲ್ಲಿ ಜನರಿದ್ದರೆ ಈ ಮಾತು ಅನ್ವಯಿಸದು.

ಕಾರು ನಿಂತರೂ ಒಳಗಿನ ದೇಹ ನಿಂತಿರುವುದಿಲ್ಲ. ಅದನ್ನು ಕಾರಿನೊಡನೆ ನಿಲ್ಲಿಸುವುದು ಸೀಟ್ ಬೆಲ್ಟ್. ಹಿಂದಿನ ಸೀಟಿನವರಿಗೆ ಅದು ಬೇಡವೆಂಬ ಭಾವನೆ ಇನ್ನೂ ಅಳಿದಿಲ್ಲ. ರಜೆಯಲ್ಲಿ ಮುಂಬಯಿ, ಪುಣೆಗಳಿಂದ ಬೆಳಗಾವಿ, ಹುಬ್ಬಳ್ಳಿಗಳತ್ತ ಹೊರಡುವ ಕಾರುಗಳಲ್ಲಿ ಮಗುವು ತಾಯಿಯ ಮಡಿಲಲ್ಲಿ ಮಲಗಿರುವುದು ಸಾಮಾನ್ಯ ದೃಶ್ಯ. ಮೇಲೆ ಹೇಳಿದ 16 ಪಟ್ಟಿನ ಲೆಕ್ಕದಲ್ಲಿ 10 ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು 160 ಕಿಲೋ ಎತ್ತುವಷ್ಟು ಬಲ ಬೇಕು. ಅಪ್ಪುಗೆ ಎಷ್ಟೇ ಗಟ್ಟಿಯಾಗಿದ್ದರೂ ಆ ಕೈಗಳಿಂದ ಮಗು ಜಾರಿಹೋಗುತ್ತದೆ. ಮಗುವಿಗೆ ಪ್ರತ್ಯೇಕ ಸೀಟನ್ನು ಹಿಂಬದಿಯಲ್ಲಿ ಬಿಗಿಯುವುದು ಅಗತ್ಯ; ಹಿಮ್ಮುಖವಾಗಿ ಕೂರಿಸುವ ಶಿಶುಸೀಟನ್ನಂತೂ ಏರ್‌ಬ್ಯಾಗಿನ ಎದುರು ಎಂದಿಗೂ ಇಡಕೂಡದು.